ಇಂದಿನ ಧಮ್ಮ ಚಿಂತನೆ: ಅಳತೆ ಯಾರ ಕೈಯಲ್ಲಿದೆ?





ಈ ವಾರ ನಮ್ಮ ಬಳಗದ ಅಧ್ಯಯನ ವಿಷಯ *ಮತ್ತಞ್ಞುತಾ*. ಅಳತೆ ಬಲ್ಲವರಾಗಿರುವುದು ಎಂದು ಈ ಪಾಳಿ ಮಾತಿನ ಅರ್ಥ. ಊಟದ ವಿಷಯದಲ್ಲಿ ತಥಾಗತರು ಭಿಕ್ಖುಗಳಿಗೆ ಇದನ್ನು ಮತ್ತೆ ಮತ್ತೆ ಬೋಧಿಸಿದರು. ಗೃಹಸ್ಥರಾದ ನಮಗೆ ಇದು ಮನೆ, ಸಾಮಾನು, ಸಾಲ ಎಲ್ಲಕ್ಕೂ ಅನ್ವಯಿಸುತ್ತದೆ. ನನ್ನ ಬದುಕಿನಿಂದಲೇ ಒಂದು ಉದಾಹರಣೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿರಿ.

*ಗಾಡಿಯ ಮೇಲಿನ ಮನೆ*

ನಾನು ಕಲಬುರಗಿಯವಳು, ಅಮೆರಿಕದಲ್ಲಿ ನರ್ಸ್. ಇಲ್ಲಿ 'ಟ್ರಾವೆಲ್ ನರ್ಸ್' ಎಂಬ ಕೆಲಸವಿದೆ. ಒಂದು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 13 ವಾರದ ಕರಾರು. ಅದು ಮುಗಿದರೆ ಇನ್ನೊಂದು ಊರು. ಭಿಕ್ಖುಗಳು ವರ್ಷಾವಾಸದಲ್ಲಿ ಮೂರು ತಿಂಗಳು ಒಂದು ಕಡೆ ನಿಲ್ಲುತ್ತಿದ್ದರಲ್ಲ, ನನ್ನದೂ ಹೆಚ್ಚುಕಡಿಮೆ ಅಷ್ಟೇ ದಿನದ ಲೆಕ್ಕ!

ಪ್ರತಿ ಊರಲ್ಲೂ ಬಾಡಿಗೆ ಮನೆ ಹುಡುಕಿ ಸಾಕಾಯಿತು. ಇದ್ದ ಮನೆ ಮಾರಿ, ನಾನು ಮತ್ತು ನಮ್ಮ ಯಜಮಾನರು 30 ಅಡಿಯ ಟ್ರೇಲರ್ ಕೊಂಡೆವು. ಅದು ಸಾಲದ ಮೇಲೆ ಕೊಂಡದ್ದು. ಮನೆ ಸಾಲ ತೀರಿತು ಅನ್ನುವಷ್ಟರಲ್ಲಿ ಟ್ರೇಲರ್ ಸಾಲ ಹೆಗಲೇರಿತು. ಎರಡು ವರ್ಷದ ನಂತರ ಅದನ್ನೂ ಮಾರಿ, ಇದ್ದ ಪಿಕಪ್ ಟ್ರಕ್ಕಿಗೆ ಹಳೆಯದೊಂದು ಟ್ರಕ್ ಕ್ಯಾಂಪರ್ ಕೊಂಡೆವು. ಈಗ ಅದೇ ನಮ್ಮ ಪೂರ್ಣಾವಧಿ ಮನೆ.

ಟ್ರೇಲರನ್ನು ಟ್ರಕ್ ಎಳೆಯುತ್ತದೆ, ಕ್ಯಾಂಪರನ್ನು ಹೊರುತ್ತದೆ. ಟ್ರಕ್ಕಿನ ಹಿಂಭಾಗದ ತೊಟ್ಟಿಯಲ್ಲಿ ಕೂರಿಸಿ ನಾಲ್ಕು ಕಡೆ ಬಿಗಿದು ಕಟ್ಟುವ ಪೆಟ್ಟಿಗೆ ಅದು. ಡ್ರೈವರ್ ತಲೆಯ ಮೇಲೆ ಚಾಚಿಕೊಂಡ ಭಾಗದಲ್ಲಿ ಹಾಸಿಗೆ. ಹಿಂದೆ ಒಲೆ, ಸಿಂಕು, ಸಣ್ಣ ಫ್ರಿಜ್, ಬಚ್ಚಲು. ಬೇಕೆಂದಾಗ ನಾಲ್ಕು ಜಾಕ್ ಮೇಲೆ ಮನೆಯನ್ನು ಎತ್ತಿ ನಿಲ್ಲಿಸಿ, ಕೆಳಗಿನಿಂದ ಟ್ರಕ್ ಹೊರಗೆ ತೆಗೆದುಕೊಂಡು ಡ್ಯೂಟಿಗೆ ಹೋಗಬಹುದು.

*ಒಣ ತೂಕ, ನಿಜ ತೂಕ*

ಮೊದಲ ಪಾಠ ಕಲಿಸಿದ್ದು ತೂಕ. ಟ್ರಕ್ ಎಷ್ಟು ಹೊರಬಲ್ಲದು ಎಂದು ಡ್ರೈವರ್ ಬಾಗಿಲ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ನಮ್ಮದರಲ್ಲಿ ಇದ್ದದ್ದು 1,700 ಕಿಲೋ, ಜನರನ್ನೂ ಸೇರಿಸಿ. ಕ್ಯಾಂಪರಿನ ತೂಕ ಕಾಗದದ ಮೇಲೆ 1,270 ಕಿಲೋ. ಇನ್ನೂ ಬೇಕಾದಷ್ಟು ಜಾಗವಿದೆ ಎಂದುಕೊಂಡೆವು.

ಆದರೆ ಕಾಗದದ್ದು ಒಣ ತೂಕ. ನೀರಿಲ್ಲ, ಗ್ಯಾಸ್ ಇಲ್ಲ, ಮನುಷ್ಯರಿಲ್ಲ. ಲಾರಿಗಳು ನಿಲ್ಲುವ ಕಡೆ ವೇಬ್ರಿಡ್ಜ್ ಮೇಲೆ ಹತ್ತಿಸಿ ನೋಡಿದೆವು. ನೀರು 114 ಲೀಟರ್, ಎಂದರೆ 114 ಕಿಲೋ. ಬ್ಯಾಟರಿ, ಎ.ಸಿ., ಸಿಲಿಂಡರು, ಪಾತ್ರೆ, ಬಟ್ಟೆ, ನಾವಿಬ್ಬರು. ಒಟ್ಟು ಮಿತಿಗಿಂತ ಸುಮಾರು 180 ಕಿಲೋ ಹೆಚ್ಚು! ಹೀಗೆ ಓಡಿಸಿದರೆ ಟಯರ್ ಕಾಯುತ್ತದೆ, ಬ್ರೇಕ್ ಹಾಕಿದರೆ ಬೇಗ ನಿಲ್ಲುವುದಿಲ್ಲ, ಎತ್ತರದ ಗಾಡಿ ಅಡ್ಡಗಾಳಿಗೆ ತೂರಾಡುತ್ತದೆ.

ಅಂದು ಸಂಜೆ ಒಂದೊಂದೇ ವಸ್ತು ಕೆಳಗಿಳಿಸಿದೆವು. ಗ್ರೈಂಡರ್, ಜನರೇಟರ್, ಎರಡನೇ ಜೊತೆ ಪಾತ್ರೆ, ಹಾಕಿಕೊಳ್ಳದ ಸೀರೆಗಳು. ನೀರನ್ನು ಅರ್ಧ ಮಾತ್ರ ತುಂಬಿಸಿ, ಊರು ಸೇರಿದ ಮೇಲೆ ಉಳಿದದ್ದು ಎಂದು ನಿಯಮ ಮಾಡಿಕೊಂಡೆವು. ಕೊನೆಗೆ ಉಳಿದದ್ದು ಅಪ್ಪ ಕೊಟ್ಟ ಪುಸ್ತಕಗಳು, ಬಾಬಾಸಾಹೇಬರ ಬರಹ ಭಾಷಣಗಳ ಕನ್ನಡ ಸಂಪುಟಗಳು. 40 ಕಿಲೋ. ಕೈ ಬರಲಿಲ್ಲ. ರಾತ್ರಿಯೆಲ್ಲ ಯೋಚಿಸಿ, 'ಬುದ್ಧ ಮತ್ತು ಅವನ ಧಮ್ಮ' ಒಂದನ್ನು ಇಟ್ಟುಕೊಂಡು ಉಳಿದವನ್ನು ಇಲ್ಲಿಯ ಕನ್ನಡದ ಗೆಳತಿಯ ಮನೆಗೆ ಕೊಟ್ಟೆ. ಈಗ ಅವಳ ಮಕ್ಕಳು ಓದುತ್ತಿದ್ದಾರೆ. ನನ್ನ ಕಪಾಟಿನಲ್ಲಿದ್ದಾಗ ಮೂರು ಸಂಪುಟ ಬಿಟ್ಟು ಉಳಿದವನ್ನು ನಾನು ತೆರೆದಿರಲೇ ಇಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ನಾವೆಲ್ಲ ನಮ್ಮ ಆಸೆಗಳನ್ನು ಒಣ ತೂಕದಲ್ಲೇ ಲೆಕ್ಕ ಹಾಕುತ್ತೇವೆ. ಅದರ ಬಡ್ಡಿ, ಕಾಳಜಿ, ಜಂಬ, ಜಗಳ ಇವೆಲ್ಲ ತುಂಬಿದ ಮೇಲಿನ ತೂಕ ಗೊತ್ತಾಗುವುದು ಹೊತ್ತು ನಡೆಯುವಾಗ.

*ಅವ್ವನ ಪ್ರಶ್ನೆ*

ಇಷ್ಟೇ ಆಗಿದ್ದರೆ ಇದು ಸುಲಭದ ಕಥೆ. ಫೋನಿನಲ್ಲಿ ವಿಷಯ ಹೇಳಿದಾಗ ಅವ್ವ ಸುಮ್ಮನಾದಳು. ಆಮೇಲೆ ಕೇಳಿದಳು: "ಕೇರ್ಯಾಗಿನ ಗುಡಸಲ ಬಿಟ್ಟು ನಾಕ ಗ್ವಾಡಿ ಕಟ್ಟಲಿಕ್ಕ ನಿಮ್ಮಪ್ಪಗ ಇಪ್ಪತ್ತ ವರ್ಷ ಹಿಡೀತು. ಸಿಟ್ಯಾಗ ಜಾತಿ ಕೇಳಿ ಕೇಳಿ ಬಾಡಗಿ ಮನಿ ಕೊಡಲಿಲ್ಲ. ನೀ ಅಷ್ಟ ದೂರ ಹೋಗಿ ಮತ್ತ ಗಾಡ್ಯಾಗ ಸಂಸಾರ ಹೂಡ್ತೀಯೇನ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆ ನಮಗೆ ಬರೀ ಇಟ್ಟಿಗೆಯಲ್ಲ. ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರೇ 1917ರಲ್ಲಿ ಬರೋಡಾಕ್ಕೆ ಹೋದಾಗ ಇರಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿದ್ದರು. ಗೊತ್ತಾದಾಗ ಕೋಲು ಹಿಡಿದು ಬಂದವರು ಹೊರಹಾಕಿದರು. ಅಂಥವರು ಮುಂದೆ ದಾದರಿನಲ್ಲಿ ತಮ್ಮ ಪುಸ್ತಕಗಳಿಗಾಗಿ ರಾಜಗೃಹ ಕಟ್ಟಿಸಿದರು. ಮನೆ ಬೇಡ ಎನ್ನುವ ಮಾತನ್ನು ನಾವು ಹಗುರವಾಗಿ ಆಡಬಾರದು.

ಚಳಿಗಾಲದಲ್ಲಿ ಎರಡು ಕರಾರುಗಳ ನಡುವೆ ಅರಿಜೋನಾದ ಕ್ವಾರ್ಟ್ಸೈಟ್ ಎಂಬಲ್ಲಿ ನಿಂತಿದ್ದೆವು. ಅಲ್ಲಿ ಸರ್ಕಾರಿ ಮರುಭೂಮಿಯಲ್ಲಿ ಶುಲ್ಕ ಕಟ್ಟಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಗಾಡಿ ನಿಲ್ಲಿಸಬಹುದು. ಪಕ್ಕದಲ್ಲಿ ಲಕ್ಷಾಂತರ ಡಾಲರಿನ ಬಸ್ಸಿನಂಥ ಮನೆಗಳು. ಅದರಾಚೆ ಹಳೆಯ ವ್ಯಾನಿನಲ್ಲಿ ಮಲಗುವ ಎಪ್ಪತ್ತು ದಾಟಿದ ಅಜ್ಜಿ, ಬಾಡಿಗೆ ಕಟ್ಟಲಾರದೆ ಬಂದವರು. ಇಬ್ಬರೂ ಗಾಡಿಯಲ್ಲೇ ಇದ್ದಾರೆ. ಆದರೆ ಒಬ್ಬರು ಬಯಸಿ ಬಂದವರು, ಇನ್ನೊಬ್ಬರು ದೂಡಿಸಿಕೊಂಡು ಬಂದವರು. ನಮ್ಮ ಕಡೆಯ ಬುಡ್ಗ ಜಂಗಮ, ಸುಡುಗಾಡು ಸಿದ್ಧ ಜನರ ಟೆಂಟುಗಳು ಕಣ್ಣ ಮುಂದೆ ಬಂದವು.

ಆ ರಾತ್ರಿ ಪಾತ್ರೆ ತೊಳೆಯುತ್ತ ನೀರಿನ ಮೀಟರ್ ನೋಡಿದೆ. ಸ್ನಾನಕ್ಕೆ ಐದು ಲೀಟರ್, ಪಾತ್ರೆಗೆ ಎರಡು. ತಟ್ಟನೆ ನಮ್ಮ ಆಯಿ ನೆನಪಾದಳು. ಅವಳೂ ನೀರು ಅಳೆದೇ ಬಳಸಿದಳು. ಆದರೆ ಅವಳ ಅಳತೆ ಬಾವಿಯ ಮೇಲೆ ನಿಂತು ಸುರಿಯುವವರ ಕೈಯಲ್ಲಿತ್ತು. ನನ್ನದು ನನ್ನ ಕೈಯಲ್ಲಿದೆ. ಮಹಾಡದ ಚವದಾರ್ ಕೆರೆಯಲ್ಲಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಬೊಗಸೆಯಲ್ಲಿ ನೀರೆತ್ತಿದ್ದು ಈ ಅಳತೆಯನ್ನು ನಮ್ಮ ಕೈಗೆ ತರಲು.

*ಧಮ್ಮ ಏನು ಹೇಳುತ್ತದೆ*

'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಎರಡು ವಿಷಯಗಳನ್ನು ಅಕ್ಕಪಕ್ಕ ಇಟ್ಟಿದ್ದಾರೆ. ತಥಾಗತರಿಗೆ ಬಡತನ ಇಷ್ಟವಿರಲಿಲ್ಲ. ಕೂಡಿಹಾಕುವ ಬುದ್ಧಿಯೂ ಇಷ್ಟವಿರಲಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು. ಒಂದನ್ನೇ ಓದಿದರೆ, ಇಲ್ಲದವರಿಗೆ ತೃಪ್ತಿಯ ಉಪದೇಶ ಮಾಡುವ ತಪ್ಪಿಗೆ ಬೀಳುತ್ತೇವೆ, ಇಲ್ಲವೇ ಇದ್ದವರ ದುರಾಸೆಗೆ ಸಮರ್ಥನೆ ಹುಡುಕುತ್ತೇವೆ.

ತಥಾಗತರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು:

☸️ *ಅತ್ಥಿ ಸುಖ*: ನ್ಯಾಯವಾಗಿ ದುಡಿದು ಪಡೆದದ್ದು ಇದೆ ಎಂಬ ಸುಖ
☸️ *ಭೋಗ ಸುಖ*: ಅದನ್ನು ತಾನು ಅನುಭವಿಸಿ ಒಳ್ಳೆಯ ಕೆಲಸಕ್ಕೂ ಬಳಸುವ ಸುಖ
☸️ *ಅನಣ ಸುಖ*: ಯಾರಿಗೂ ಸಾಲ ಕೊಡಬೇಕಿಲ್ಲ ಎಂಬ ಸುಖ
☸️ *ಅನವಜ್ಜ ಸುಖ*: ಕಾಯ, ಮಾತು, ಮನಸ್ಸಿನಲ್ಲಿ ದೋಷವಿಲ್ಲ ಎಂಬ ಸುಖ

ನಮ್ಮ ದೊಡ್ಡ ಟ್ರೇಲರಿನಲ್ಲಿ ಮೊದಲನೆಯದು ಇದ್ದಂತೆ ಕಾಣುತ್ತಿತ್ತು, ಮೂರನೆಯದು ಇರಲಿಲ್ಲ. ಈಗ ಸಣ್ಣ ಕ್ಯಾಂಪರಿನಲ್ಲಿ ಮೂರನೆಯದು ಸಿಕ್ಕಿದೆ. ಉಳಿದ ಕಂತಿನ ಹಣದಲ್ಲಿ ಸ್ವಲ್ಪ ಪಾಲು ಊರಿನ ಇಬ್ಬರು ಹೆಣ್ಣುಮಕ್ಕಳ ಕಾಲೇಜು ಫೀಸಿಗೆ ಹೋಗುತ್ತಿದೆ. ನಾನು ಮಾಡಿದ್ದು ತ್ಯಾಗವಲ್ಲ. ಭಿಕ್ಖುವಿನ ಎಂಟು ಪರಿಕರಗಳಲ್ಲಿ ಮೂರು ಚೀವರ, ಒಂದು ಪಾತ್ರೆ, ಸೂಜಿ, ನೀರು ಸೋಸುವ ಬಟ್ಟೆ ಇಂಥವೇ ಇರುತ್ತವೆ. ನನ್ನಲ್ಲಿ ಫ್ರಿಜ್ ಇದೆ! ನಾನು ಕಲಿಯುತ್ತಿರುವುದು ಅಳತೆ ಮಾತ್ರ.

ಅವ್ವ ಇನ್ನೂ ಪೂರ್ತಿ ಒಪ್ಪಿಲ್ಲ. ಅಪ್ಪ ಕಟ್ಟಿದ ಮನೆಯನ್ನು ಎಂದೂ ಮಾರಬಾರದು ಎಂದು ಮಾತು ತೆಗೆದುಕೊಂಡಿದ್ದಾಳೆ. ಸಂತೋಷದಿಂದಲೇ ಕೊಟ್ಟೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಕ್ಯಾಂಪರನ್ನೆಲ್ಲ ತೋರಿಸಿದೆ. "ಬಾಬಾಸಾಹೇಬರ ಫೋಟೊ ಎಲ್ಲಿ?" ಎಂದಳು. ಊಟದ ಮೇಜಿನ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ ತೋರಿಸಿದೆ. ಹೊತ್ತು ನೋಡಿ ಕೇಳಿದಳು: "ಗಾಡಿ ಕುಲುಕಿದ್ರ ಬೀಳಂಗಿಲ್ಲಲ್ಲ?"

"ಇಲ್ಲವ್ವಾ, ಗಟ್ಟಿ ಕೂಡಿಸೀನಿ."

*ಇಂದಿನ ಅಭ್ಯಾಸ*

1. ನಿಮ್ಮ ಮನೆಯ ಒಂದು ವಸ್ತು ಆರಿಸಿ, ಅದರ 'ನಿಜ ತೂಕ' ಬರೆಯಿರಿ: ಸಾಲ, ಸಮಯ, ಚಿಂತೆ.
2. ನೀವು ಓದದೆ ಇಟ್ಟ ಒಂದು ಪುಸ್ತಕವನ್ನು ಓದುವವರ ಕೈಗೆ ಕೊಡಿ.
3. ಭಾನುವಾರದ ಚರ್ಚೆಗೆ: ನಮ್ಮ ಬದುಕಿನಲ್ಲಿ ನಾವೇ ಬಿಟ್ಟದ್ದು ಯಾವುದು? ನಮ್ಮಿಂದ ಕಿತ್ತುಕೊಂಡದ್ದು ಯಾವುದು? ಮೊದಲನೆಯದಕ್ಕೆ ತೃಪ್ತಿ, ಎರಡನೆಯದಕ್ಕೆ ಹೋರಾಟ. ಎರಡನ್ನೂ ಬೆರೆಸದಿರೋಣ.

ಭವತು ಸಬ್ಬ ಮಂಗಲಂ 🙏
ಸಾಧು ಸಾಧು ಸಾಧು
*ಜೈ ಭೀಮ್*