ದರ್ಶಿನಿಯ ಪ್ಲಾಸ್ಟಿಕ್ ಕಸ: ಅಡುಗೆಮನೆಯಿಂದಲೇ ಆರಂಭಿಸಬೇಕಾದ ವ್ಯವಸ್ಥೆ

ಹಾಲಿನ ಕವರು ಎಂಜಲು ಸಾಂಬಾರಿನೊಡನೆ ಒಂದೇ ಡಬ್ಬಕ್ಕೆ ಬಿದ್ದ ಕ್ಷಣದಲ್ಲಿಯೇ, ಗುಜರಿಯವನು ಹಣ ಕೊಟ್ಟು ಒಯ್ಯಬಹುದಾಗಿದ್ದ ವಸ್ತುವು ಯಾರಿಗೂ ಬೇಡವಾದ ಹೊಲಸಾಗಿ ಪರಿಣಮಿಸುತ್ತದೆ; ಆದುದರಿಂದ ದರ್ಶಿನಿಗಳನ್ನು ನಡೆಸುವವರು ಈ ಸಮಸ್ಯೆಯ ಪರಿಹಾರಕ್ಕೆ ಪಾಲಿಕೆಯ ಲಾರಿಯ ದಾರಿ ಕಾಯದೆ, ಒಲೆಯ ಬದಿಯಿಂದಲೇ ಉಪಕ್ರಮಿಸುವುದು ಯುಕ್ತವಾದುದು.

ಪ್ರಥಮತಃ ಒಂದು ವಾರ ಕಾಲ, ಬಾಗಿಲು ಹಾಕುವ ಹೊತ್ತಿನಲ್ಲಿ, ಹಾಲಿನ ಕವರು, ಎಣ್ಣೆಯ ಕವರು, ನೀರಿನ ಬಾಟಲಿ, ಪಾರ್ಸೆಲ್ ಚೀಲ ಇವುಗಳನ್ನು ಬೇರೆಬೇರೆಯಾಗಿ ತೂಗಿ ಲೆಕ್ಕದ ಪುಸ್ತಕದಲ್ಲಿ ಬರೆದಿಡತಕ್ಕದ್ದು. ತೂಗಿ ನೋಡದೆ ಕೈಗೊಂಡ ಸುಧಾರಣೆಯು ನಾಲ್ಕು ದಿನದ ಉತ್ಸಾಹದಲ್ಲಿಯೇ ಪರ್ಯವಸಾನಗೊಳ್ಳುವುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅನಂತರದ ಕೆಲಸವೆಂದರೆ ವರ್ಜ್ಯವಾದುದನ್ನು ವರ್ಜಿಸುವುದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು ಕರ್ನಾಟಕದಲ್ಲಿ 2016ರಿಂದಲೂ, ದೇಶದಾದ್ಯಂತ 2022ರ ಜುಲೈ 1ರಿಂದಲೂ ನಿಷಿದ್ಧವಾಗಿವೆ. ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಹಾಸುವ ಅಭ್ಯಾಸಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಸಚಿವರು ನಿಷೇಧವನ್ನು ಘೋಷಿಸಿದರು. ಹಿಂದಿನಂತೆ ತೆಳುವಾದ ಹತ್ತಿಬಟ್ಟೆಯನ್ನೇ ಹಾಸಿ, ಒಂದು ಜೊತೆ ಒಲೆಯ ಮೇಲಿರುವಾಗ ಇನ್ನೊಂದು ಜೊತೆಯನ್ನು ಒಗೆದು, ರಾತ್ರಿ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಮರುದಿನ ಬಿಸಿಲಿಗೆ ಹರವಿದರೆ ಶುಚಿತ್ವಕ್ಕೂ ರುಚಿಗೂ ಲೋಪವುಂಟಾಗದು. ಕಾಫಿಗೆ ಸ್ಟೀಲಿನ ಲೋಟವೇ ಉಚಿತವಾದುದು. ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಲೇಪವಿರುತ್ತದೆ. ಪಾರ್ಸೆಲ್ ಕಟ್ಟುವುದಕ್ಕೆ ಬಾಳೆಎಲೆ, ಅಡಿಕೆ ಹಾಳೆಗಳಿವೆ; ಸಾಂಬಾರಿಗೆ ಮನೆಯಿಂದ ಪಾತ್ರೆ ತಂದ ಗಿರಾಕಿಗೆ ಒಂದೆರಡು ರೂಪಾಯಿ ಕಡಿಮೆ ಮಾಡುವುದಾಗಿ ಗಲ್ಲಾದ ಬಳಿ ಫಲಕ ಹಾಕಬೇಕು.

ಇಷ್ಟಾದರೂ ಹಾಲಿನ ಕವರು ಉಳಿದೇ ಉಳಿಯುತ್ತದೆ. ಅದರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅವಶ್ಯಕ. ಕತ್ತರಿಸುವಾಗ ಮೂಲೆಯ ತುಣುಕು ಕವರಿನಿಂದ ಬೇರ್ಪಡದಂತೆ ನೋಡಿಕೊಳ್ಳಬೇಕು, ಏಕೆಂದರೆ ಮೋರಿಗೆ ಸೇರಿದ ಅಷ್ಟು ಚಿಕ್ಕ ಚೂರನ್ನು ಅನಂತರ ಯಾರೂ ಆಯಲಾರರು. ಬರಿದಾದ ಕೂಡಲೇ ಕವರನ್ನು ಜಾಲಿಸಿ, ಹಗ್ಗಕ್ಕೆ ಸಿಕ್ಕಿಸಿ ಒಣಗಿಸತಕ್ಕದ್ದು. ಹಸಿಯಾಗಿಯೇ ಮೂಟೆ ಕಟ್ಟಿದರೆ ಮಾರನೆಯ ದಿನ ಹುಳಿತು ನಾರುವುದು, ಗುಜರಿಯವನು ಮುಟ್ಟುವುದಿಲ್ಲ.

ಒಣಗಿದ ಪ್ಲಾಸ್ಟಿಕ್ಕಿಗೆ ಮೂರು ಗೋಣಿಚೀಲಗಳು ಸಾಕು: ಹಾಲಿನ ಕವರಿನಂಥ ತೆಳುಹಾಳೆಗೊಂದು, ತ್ರಿಕೋನದೊಳಗೆ 1 ಎಂಬ ಅಂಕೆಯುಳ್ಳ ನೀರಿನ ಬಾಟಲಿಗಳಿಗೊಂದು, 2 ಅಥವಾ 5ರ ಗುರುತುಳ್ಳ ಗಟ್ಟಿ ಕ್ಯಾನು, ಡಬ್ಬಗಳಿಗೊಂದು. ಹಲವು ಪದರಗಳನ್ನು ಅಂಟಿಸಿ ಮಾಡಿದ ಸಾಸ್ ಪೊಟ್ಟಣಗಳನ್ನು ಕರಗಿಸಿ ಹೊಸ ವಸ್ತು ಮಾಡುವುದು ದುಸ್ಸಾಧ್ಯ. ಬಹುಮಟ್ಟಿಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಇಂಧನವಾಗುವುದಷ್ಟೇ ಅವುಗಳಿಗುಳಿದ ಗತಿಯಾದುದರಿಂದ, ದೊಡ್ಡ ಬಾಟಲಿಯ ಸಾಸನ್ನೇ ಕೊಳ್ಳುವುದು ಮೇಲು.

ಬೆಂಗಳೂರಿನವರು ಈ ಚೀಲಗಳನ್ನು ತಮ್ಮ ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸಬಹುದು. ಇತರ ಊರುಗಳಲ್ಲಿ ಗುಜರಿಯವನೊಡನೆ ವಾರದ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಬಂದ ಹಣ ಅತ್ಯಲ್ಪವೇ ಆದರೂ ಅದನ್ನು ಗಲ್ಲಾಕ್ಕೆ ಸೇರಿಸದೆ, ಕವರು ತೊಳೆದು ಒಣಗಿಸಿದ ಅಡುಗೆಮನೆಯ ಹುಡುಗರಿಗೇ ಹಂಚಿಕೊಡಬೇಕೆಂದು ಮಾಲೀಕರಲ್ಲಿ ನನ್ನ ವಿಜ್ಞಾಪನೆ.