ನಮ್ಮ ಪ್ರಕಟಣೆ ಯುವಜನರ ಕಣ್ಣಿಗೆ ಬೀಳುತ್ತಿದೆಯೇ?



ಕಳೆದ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ಯುವಜನರಿಗಾಗಿ ಒಂದು ದಿನದ ಧ್ಯಾನಕೂಟ ಏರ್ಪಡಿಸಿದ್ದೆವು. ಪ್ರಕಟಣೆಯನ್ನು ಚಿತ್ರ ಮಾಡಿ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿದೆವು. ಮೇಲೆ ತಮಿಳು, ನಡುವೆ ಇಂಗ್ಲಿಷ್, ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡ. ಆ ಕನ್ನಡದಲ್ಲೂ ಒತ್ತಕ್ಷರಗಳು ಒಡೆದು, ‘ಕ್ರಿಸ್ತ’ ಎಂಬ ಹೆಸರು ‘ಕ್‌ರಿಸ್‌ತ’ ಎಂದು ಕಾಣುತ್ತಿತ್ತು. ಭಾನುವಾರದ ಪೂಜೆ ಮುಗಿದ ಮೇಲೆ ಒಬ್ಬ ಹುಡುಗಿ ಮೊಬೈಲು ಹಿಡಿದು ಬಂದು, “ಅಕ್ಕಾ, ಇದು ನಮಗೂ ಸೇರಿದ್ದಾ?” ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ.

ಆ ಮಗು ಶಾಲೆಯಲ್ಲಿ ಓದುವುದು ತಮಿಳು ಮತ್ತು ಇಂಗ್ಲಿಷ್. ಕನ್ನಡ ಅವಳಿಗೆ ಅಜ್ಜಿಯ ಜಪಸರದ ಭಾಷೆ, ಮನೆಯ ಮಾತು. ಅದನ್ನು ಬರಹದಲ್ಲಿ ಅವಳು ಕಾಣುವುದು ಬಹುಮಟ್ಟಿಗೆ ದೇವಾಲಯದಲ್ಲಿ ಮಾತ್ರ. ಅಲ್ಲಿಯೂ ಅದು ಒಡೆದು, ಮೂಲೆ ಸೇರಿದ್ದರೆ ಅವಳು ಏನೆಂದುಕೊಂಡಾಳು? ಆದ್ದರಿಂದ ಚಿತ್ರವಿನ್ಯಾಸವೆಂಬುದು ಬರೀ ಅಲಂಕಾರದ ಮಾತಲ್ಲ. ಯಾರನ್ನು ಕರೆಯುತ್ತಿದ್ದೇವೆ, ಅವರಿಗೆ ಯಾವ ಸ್ಥಾನ ಕೊಡುತ್ತಿದ್ದೇವೆ ಎಂಬುದು ಅದರಲ್ಲಿ ಕಾಣುತ್ತದೆ. ಈ ತಿಂಗಳ ಅಧ್ಯಯನಕ್ಕೆ ಈ ವಿಷಯವನ್ನೇ ತೆಗೆದುಕೊಂಡಿದ್ದೇವೆ.

ಚಿತ್ರ ನಮಗೆ ಹೊಸದಲ್ಲ

ಪ್ರಭು ಯೇಸು ಬೋಧಿಸುವಾಗ ಸಾಸಿವೆ ಕಾಳು, ಬಲೆ, ದೀಪ, ಹಿಟ್ಟಿನ ಹುಳಿ ಇವನ್ನೇ ತೋರಿಸಿದರು. ಕೇಳುವವರು ದಿನವೂ ಕಾಣುತ್ತಿದ್ದ ವಸ್ತುಗಳವು. ರೋಮಿನ ನೆಲದಡಿಯ ಸಮಾಧಿಗಳಲ್ಲಿ ಆದಿ ಕ್ರೈಸ್ತರು ಮೀನನ್ನೂ ಒಳ್ಳೆಯ ಕುರಿಗಾಹಿಯನ್ನೂ ಚಿತ್ರಿಸಿದರು. ಸುಮಾರು ಕ್ರಿ.ಶ. 600ರಲ್ಲಿ ಜಗದ್ಗುರು ಸಂತ ಮಹಾ ಗ್ರೆಗೋರಿಯವರು ಮಾರ್ಸೇಯ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಅಕ್ಷರ ಬಾರದವರು ಗೋಡೆಯ ಚಿತ್ರ ನೋಡಿ ಕಲಿಯುತ್ತಾರೆ, ಅವನ್ನು ನಾಶಮಾಡಬಾರದು ಎಂದು ತಿಳಿಹೇಳಿದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಂಪರ್ಕ ಮಾಧ್ಯಮಗಳ ಬಗ್ಗೆಯೇ ಒಂದು ಆದೇಶಪತ್ರ ಹೊರಡಿಸಿತು. ಇಂದು ಆ ಗೋಡೆಯ ಜಾಗದಲ್ಲಿ ಅಂಗೈಯಗಲದ ಮೊಬೈಲ್ ಪರದೆಯಿದೆ.

ಲೂಚೆ ಎಂಬ ಪುಟ್ಟ ಯಾತ್ರಿಕಳು

2025ರ ಜೂಬಿಲಿ ವರ್ಷಕ್ಕಾಗಿ ವ್ಯಾಟಿಕನ್ 2024ರ ಅಕ್ಟೋಬರಿನಲ್ಲಿ ಒಂದು ಕಾರ್ಟೂನ್ ಪಾತ್ರವನ್ನು ಪ್ರಕಟಿಸಿತು. ಅವಳ ಹೆಸರು ಲೂಚೆ, ಇಟಾಲಿಯನ್ ಭಾಷೆಯಲ್ಲಿ ‘ಬೆಳಕು’ ಎಂದರ್ಥ. ರಚಿಸಿದವರು ಇಟಲಿಯ ಕಲಾವಿದ ಸಿಮೋನೆ ಲೆನ್ಯೊ. ದೊಡ್ಡ ಕಣ್ಣು, ನೀಲಿ ಕೂದಲು ನೋಡಿದರೆ ಜಪಾನಿನ ಅನಿಮೆ ಶೈಲಿ ಎಂದು ನಮ್ಮ ಮಕ್ಕಳೇ ಹೇಳುತ್ತಾರೆ. ಈ ಶೈಲಿಯನ್ನು ಮೆಚ್ಚಿದವರೂ ಇದ್ದರು, ಹಳಿದವರೂ ಇದ್ದರು.

ಆದರೆ ಅವಳನ್ನು ಒಮ್ಮೆ ಸರಿಯಾಗಿ ನೋಡೋಣ. ಕೊರಳಲ್ಲಿ ಜಪಸರ, ಕೈಯಲ್ಲಿ ಯಾತ್ರಿಕರ ಕೋಲು, ಮೈಮೇಲೆ ವ್ಯಾಟಿಕನ್ ಧ್ವಜದ ಹಳದಿ ಬಣ್ಣದ ಮಳೆಯಂಗಿ, ದೂರ ನಡೆದು ಕೆಸರು ಮೆತ್ತಿದ ಬೂಟು. ಕಣ್ಣೊಳಗೆ ಹೊಳೆಯುವ ಚಿಪ್ಪು ಶತಮಾನಗಳಿಂದ ಸಂತಿಯಾಗೋ ಯಾತ್ರಿಕರ ಗುರುತು. ಶೈಲಿ ಇಂದಿನದು, ಅರ್ಥ ಹಳೆಯದು. ನಾವು ಕಲಿಯಬೇಕಾದ ಪಾಠ ಇದೇ: ಕಾಲದ ಉಡುಪು ತೊಡಬಹುದು, ಆದರೆ ಒಳಗೆ ಹೇಳಲು ಏನಾದರೂ ಇರಬೇಕು.

ಕಂಡದ್ದನ್ನೆಲ್ಲ ಅನುಸರಿಸಬೇಕೇ?

ಬೇಡ. ಇಂಥ ಒಲವುಗಳು ಬೇಗ ಬರುತ್ತವೆ, ಬೇಗ ಹೋಗುತ್ತವೆ. ಹಿಂದೆ ಹೊಳಪು, ನೆರಳು ತುಂಬಿದ ಚಿತ್ರಗಳೇ ಚೆಂದ ಎನ್ನುತ್ತಿದ್ದರು. 2012ರ ವಿಂಡೋಸ್ 8, 2013ರ ಐಫೋನ್ ತಂತ್ರಾಂಶ ಬಂದ ಮೇಲೆ ಎಲ್ಲೆಡೆ ನೆರಳಿಲ್ಲದ ಸಮತಟ್ಟಾದ ಬಣ್ಣಗಳು ಹರಡಿದವು. ಆಮೇಲೆ ಒಂದರೊಳಗೊಂದು ಕರಗುವ ಬಣ್ಣಗಳು, ಕೈಬರಹದಂಥ ಅಕ್ಷರಗಳು. ಇವುಗಳ ಹಿಂದೆಯೇ ಓಡಿದರೆ ನಾವು ಸದಾ ಒಂದು ಹೆಜ್ಜೆ ಹಿಂದೆಯೇ. ಯುವಜನರು ಅದನ್ನು ಥಟ್ಟನೆ ಗುರುತಿಸುತ್ತಾರೆ.

ಇನ್ನೊಂದು ಮಾತು: ಹೆಚ್ಚಿನ ಸಿದ್ಧ ಮಾದರಿಗಳು ಇಂಗ್ಲಿಷಿಗಾಗಿ ಮಾಡಿದವು. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂದಿದೆ, ಕನ್ನಡದಲ್ಲಿಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಆ ಮಾದರಿಗೆ ಕನ್ನಡವನ್ನು ಹಾಗೇ ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ನಾವು ಪಾಲಿಸಲು ನಿಶ್ಚಯಿಸಿದ ಕೆಲವು ನಿಯಮಗಳು

1. ಯೂನಿಕೋಡ್ ಕನ್ನಡವನ್ನೇ ಬಳಸುವುದು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಮೊಬೈಲಿಗೆ ತಂದರೆ ಅರ್ಥವಿಲ್ಲದ ಗುರುತುಗಳಾಗುತ್ತವೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಇವೆಲ್ಲ ಉಚಿತವಾಗಿ ಸಿಗುತ್ತವೆ.

2. ಒಂದು ಚಿತ್ರದಲ್ಲಿ ಎರಡಕ್ಕಿಂತ ಹೆಚ್ಚು ಅಕ್ಷರಶೈಲಿ ಬೇಡ. ಸಾಲುಗಳ ನಡುವೆ ಧಾರಾಳ ಜಾಗ ಬಿಡುವುದು. ಅಕ್ಷರವನ್ನು ಎಳೆದು ಉದ್ದ ಮಾಡದಿರುವುದು.

3. ಒಂದು ಚಿತ್ರಕ್ಕೆ ಒಂದೇ ಸಂದೇಶ. ಕನ್ನಡವನ್ನು ನಿಧಾನವಾಗಿ ಓದುವ ಮಕ್ಕಳಿಗೆ ನಾಲ್ಕೈದು ಪದಗಳ ದೊಡ್ಡ ಸಾಲು, ಕೆಳಗೆ ದಿನ, ಹೊತ್ತು, ಸ್ಥಳ. ಇಷ್ಟು ಸಾಕು.

4. ಭಾಷೆಗಳನ್ನು ಒಂದರ ಮೇಲೊಂದು ಹೇರದೆ, ಒಂದೇ ವಿನ್ಯಾಸದಲ್ಲಿ ಭಾಷೆಗೊಂದು ಚಿತ್ರ ಮಾಡುವುದು. ತಮಿಳಿಗೆ ಎಷ್ಟು ಜಾಗವೋ ಕನ್ನಡಕ್ಕೂ ಅಷ್ಟೇ. ಇದರಲ್ಲಿ ಯಾರಿಗೂ ನಷ್ಟವಿಲ್ಲ.

5. ಬಣ್ಣಕ್ಕಾಗಿ ಹುಡುಕಾಡಬೇಕಿಲ್ಲ, ಪೂಜಾವಿಧಿಯೇ ಕೊಟ್ಟಿದೆ. ಆಗಮನಕಾಲ, ತಪಸ್ಸುಕಾಲಕ್ಕೆ ನೇರಳೆ. ಕ್ರಿಸ್ಮಸ್, ಪಾಸ್ಖಕ್ಕೆ ಬಿಳಿ. ಪವಿತ್ರಾತ್ಮರ ಹಬ್ಬಕ್ಕೆ ಕೆಂಪು. ಸಾಧಾರಣ ಕಾಲಕ್ಕೆ ಹಸಿರು. ವರ್ಷವಿಡೀ ಇದನ್ನು ಪಾಲಿಸಿದರೆ ಬಣ್ಣ ನೋಡಿಯೇ ಮಕ್ಕಳು ಕಾಲವನ್ನು ಗುರುತಿಸುವರು.

6. ಎಲ್ಲಿಂದಲೋ ಇಳಿಸಿಕೊಂಡ ಪರದೇಶದ ಮುಖಗಳ ಬದಲು ನಮ್ಮದೇ ದೇವಾಲಯ, ನಮ್ಮದೇ ಬೆಟ್ಟ, ಹೊಲಗಳ ಫೋಟೋ ಬಳಸುವುದು. ಮಕ್ಕಳ ಫೋಟೋ ಆದರೆ ಹೆತ್ತವರ ಒಪ್ಪಿಗೆ ಪಡೆಯುವುದು.

ಯಾರು ಮಾಡಬೇಕು?

ಯುವಜನರಿಗಾಗಿ ಎಂದು ಹಿರಿಯರಾದ ನಾವೇ ಕುಳಿತು ಮಾಡಿದ್ದು ನಮ್ಮ ಮೊದಲ ತಪ್ಪು. ಪ್ರಶ್ನೆ ಕೇಳಿದ ಆ ಹುಡುಗಿಯನ್ನೂ ಅವಳ ಗೆಳೆಯರನ್ನೂ ಈಗ ಸೇರಿಸಿಕೊಂಡಿದ್ದೇವೆ. ವಿನ್ಯಾಸ ಅವರದು, ಕಾಗುಣಿತ ತಿದ್ದುವುದು ಹಿರಿಯರ ಪಾಲು. ‘ಪಾಸ್ಖ’ ಎಂಬಲ್ಲಿ ಒತ್ತು ಎಲ್ಲಿ ಬರಬೇಕೆಂದು ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಮಕ್ಕಳಿಗೆ ತೋರಿಸಿಕೊಡುತ್ತಿದ್ದರು. ಅದನ್ನು ಪರದೆಯ ಮೇಲೆ ಚೆಂದವಾಗಿ ಕೂರಿಸುವುದನ್ನು ಮಕ್ಕಳು ಮೇಷ್ಟ್ರಿಗೆ ತೋರಿಸಿದರು. ಪ್ರಕಟಣೆ ಮಾಡಲು ಕೂತವರು ಹೀಗೆ ಅಕ್ಷರಾಭ್ಯಾಸವನ್ನೂ ಮಾಡಿದರು.

ಚಿಂತನೆಗೆ

• ಕಳೆದ ತಿಂಗಳು ನಮ್ಮ ಗುಂಪಿಗೆ ಬಂದ ಪ್ರಕಟಣೆಗಳಲ್ಲಿ ಯಾವುದನ್ನು ಕೊನೆಯವರೆಗೆ ಓದಿದೆವು? ಏಕೆ?
• ನಮ್ಮ ಧರ್ಮಕೇಂದ್ರದಲ್ಲಿ ಯಾರ ಭಾಷೆ ಸಣ್ಣಕ್ಷರದಲ್ಲಿ ಉಳಿದಿದೆ? ನಮ್ಮದಲ್ಲದ ಭಾಷೆಯ ಬಗ್ಗೆಯೂ ಯೋಚಿಸೋಣ.
• ಶುಭಸಂದೇಶದ ಒಂದು ಸಾಮತಿಯನ್ನು ಐದು ಪದ, ಒಂದು ಚಿತ್ರದಲ್ಲಿ ಹೇಳುವುದಾದರೆ ಹೇಗೆ ಹೇಳುವಿರಿ?

ಕುರಿಗಾಹಿಯು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಪ್ರಭುವೇ ತಿಳಿಸಿದ್ದಾರೆ. ನಮ್ಮ ಮುಂದಿನ ಪ್ರಕಟಣೆಯಲ್ಲಿ ಆ ಕರೆ ನಮ್ಮ ಮಕ್ಕಳಿಗೆ ಸ್ಪಷ್ಟವಾಗಿ, ಒಡೆಯದ ಅಕ್ಷರದಲ್ಲಿ ಕಾಣುವಂತಾಗಲಿ.