ಖಾಲಿ ಬಿಟ್ಟ ಅರ್ಧ ಪುಟ

ಪ್ರೀತಿಯ ಮಗಳೇ,

ದಿನವೂ ಸತ್ಯವೇದ ಓದುತ್ತೇನೆ, ಸಂಜೆಯಾದರೆ ಏನು ಓದಿದೆನೆಂದೇ ನೆನಪಿರುವುದಿಲ್ಲ ಎಂದು ಹೊಳಲ್ಕೆರೆಯಿಂದ ಬರೆದಿದ್ದೀಯ. ಹಿರಿಯೂರು, ಹೊಸದುರ್ಗದ ಹುಡುಗರೂ ಇದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲರೂ ಓದಲೆಂದು ಪತ್ರಿಕೆಯಲ್ಲೇ ಉತ್ತರಿಸುತ್ತಿದ್ದೇನೆ.

ಒಂದು ನೋಟ್‌ಬುಕ್ ಇಟ್ಟುಕೋ. ರೂತಳ ಪುಸ್ತಕದಿಂದ ಶುರುಮಾಡು, ನಾಲ್ಕೇ ಅಧ್ಯಾಯ. ಎಡಪುಟದಲ್ಲಿ ತಾರೀಕು ಹಾಕಿ, ಅಲ್ಲಿ ನಡೆದದ್ದನ್ನು ನಿನ್ನ ಮಾತಿನಲ್ಲೇ ಬರೆ. ಬೇತ್ಲೆಹೇಮಿನಲ್ಲಿ ಬರ ಬಿತ್ತು. ಎಲೀಮೆಲೆಕನ ಸಂಸಾರ ಮೋವಾಬಿಗೆ ಗುಳೆ ಹೋಯಿತು. ಎಲೀಮೆಲೆಕನೂ ಇಬ್ಬರು ಗಂಡುಮಕ್ಕಳೂ ಅಲ್ಲೇ ತೀರಿಕೊಂಡರು, ಹೆಂಡತಿ ನೊವೊಮಿ ಉಳಿದಳು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಸೀಮೆಯವರು ನಾವು. ಬರವೆಂದರೇನೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ‘ಇದರಿಂದ ನನಗೇನು ಪಾಠ’ ಎಂದು ಮೊದಲ ಸಾಲಿಗೇ ಅವಸರ ಮಾಡಬೇಡ. ಮೊದಲು ಆ ಮನೆಯವರ ಕಷ್ಟ ಕಣ್ಣಿಗೆ ಕಟ್ಟಲಿ.

ಬಲಪುಟ ಪ್ರಶ್ನೆಗಳಿಗೆ. ಎರಡನೇ ಅಧ್ಯಾಯದಲ್ಲಿ, ನೊವೊಮಿಯೊಂದಿಗೆ ಬೇತ್ಲೆಹೇಮಿಗೆ ಬಂದ ಮೋವಾಬಿನ ಸೊಸೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಕಡಲೆಕಾಯಿ ಕಿತ್ತ ಹೊಲದಲ್ಲಿ ಹೆಂಗಸರು ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆದಕಿ, ಉಳಿದ ಕಾಯನ್ನು ಮಡಿಲಿಗೆ ಹಾಕಿಕೊಳ್ಳುವುದನ್ನು ನೋಡಿದ್ದೀಯಲ್ಲ, ಅದೇ ಕೆಲಸ. ಪರದೇಶದ ವಿಧವೆಗೆ ಇನ್ನೊಬ್ಬರ ಹೊಲಕ್ಕಿಳಿಯುವ ಹಕ್ಕು ಎಲ್ಲಿಂದ ಬಂತು? ಪ್ರಶ್ನೆ ಬರೆದು, ಕೆಳಗೆ ಅರ್ಧ ಪುಟ ಖಾಲಿ ಬಿಡು. ಉತ್ತರಕ್ಕಾಗಿ ತಕ್ಷಣ ಮೊಬೈಲ್ ತೆಗೆಯಬೇಡ. ಮುಂದೊಂದು ದಿನ ಯಾಜಕಕಾಂಡದ 19ನೇ ಅಧ್ಯಾಯಕ್ಕೆ ಬಂದಾಗ, ಹಕ್ಕಲನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕೆಂಬ ಕಟ್ಟಳೆ ಸಿಗುತ್ತದೆ. ಆಗ ಹಿಂದಕ್ಕೆ ತಿರುಗಿಸಿ ಆ ಖಾಲಿ ಜಾಗದಲ್ಲಿ ಬರೆ. ನೀನೇ ಹುಡುಕಿಕೊಂಡ ಈ ಉತ್ತರ, ಕೇಳಿದ ಪ್ರಸಂಗದಂತೆ ಮರೆತುಹೋಗುವುದಿಲ್ಲ. ಪಾಠದ ಮಾತು ಬರುವುದು ಇಲ್ಲಿ: ನಮ್ಮ ಮನೆಯ ಫಸಲಿನಲ್ಲಿ, ಸಂಬಳದಲ್ಲಿ ಯಾರಿಗೆ ಹಕ್ಕಲು ಬಿಟ್ಟಿದ್ದೇವೆ?

ಕನ್ನಡದಲ್ಲೇ ಬರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಕಾಗುಣಿತ ತಪ್ಪೀತೆಂದು ಅಂಜಬೇಡ. ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ. ಅಷ್ಟು ವರ್ಷ ಬರೆದು ತಿದ್ದಿದ್ದರಿಂದ ನಮ್ಮ ಕೈಗೆ ಬಂದ ಗ್ರಂಥ ಅದು.

ಅಡಿಕೆ ಸುಲಿಯುವ ಕಾಲದಲ್ಲಿ ನಾಲ್ಕು ದಿನ ತಪ್ಪಿದರೆ ತಪ್ಪಲಿ, ಐದನೆಯ ದಿನ ಕೂತುಕೋ. ದೇವರ ಮೇಲೆ ಸಿಟ್ಟು ಬಂದರೆ ಅದನ್ನೂ ಬರೆ. ಸರ್ವಶಕ್ತನು ತನ್ನ ಬಾಳನ್ನು ಕಹಿ ಮಾಡಿದನೆಂದು ನೊವೊಮಿ ದೂರಿದ್ದು ಸತ್ಯವೇದದಲ್ಲಿ ಹಾಗೇ ಉಳಿದಿದೆ. ನಿನ್ನ ನೋಟ್‌ಬುಕ್ಕನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಈ ಭಾನುವಾರ ಆರಾಧನೆ ಮುಗಿಸಿ ಬರುವಾಗ ನೋಟ್‌ಬುಕ್ ಕೊಂಡು ಬಾ. ಅಂದು ರಾತ್ರಿಯೇ ರೂತಳ ಮೊದಲ ಐದು ವಚನ ಓದಿ ಬರೆ.

ನಿನ್ನ ದೊಡ್ಡಪ್ಪ,
ಚಿತ್ರದುರ್ಗ